ಕ್ಯಾಪ್ಟನ್ ತಾಯಿಯ ಸೇವಂತಿಗೆ

ಬೇಡ, ಕುರ್ಚಿ ಎಳೀಬೇಡಿ ಮಿಸೆಸ್ ಜುಬಿಕ್. ನಿಂತೇ ಹೇಳ್ತೇನೆ... ಎಲ್ಲಿದ್ದೆ? ಹಾಂ, ನಮ್ಮ ಕೆರಿಗನ್ ಮನೆತನ. ಈ ಊರಲ್ಲಿ ಸಂತ ಬ್ರೆಂಡನ್ ಕಾಲೇಜು ನಿಂತಿರೋದು ನನ್ನ ಅಜ್ಜ ಕೊಟ್ಟ ನೆಲದ ಮೇಲೆ. ಫುಟ್‌ಬಾಲ್ ಮೈದಾನ ನನ್ನ ಅಪ್ಪ ಕೊಟ್ಟದ್ದು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಬೆನ್ನ ಹಿಂದೆ ಆಡಿಕೊಳ್ಳೋದು ನಮ್ಮ ರಕ್ತದಲ್ಲೇ ಇಲ್ಲ... ಒಲೆ ಕಡೆ ಯಾಕೆ ತಿರುಗ್ತೀರಿ? ಎಲೆಕೋಸು ಸೀದರೆ ಸೀಯಲಿ. ಇತ್ತ ನೋಡಿ.

ಈ ಪೆಟ್ಟಿಗೆ ಗುರುತು ಸಿಕ್ಕಿತಾ? ಹಳದಿ ಸೇವಂತಿಗೆ, ಕಾಲೇಜಿನ ಹಸಿರು ರಿಬ್ಬನ್. ಬೆಳಿಗ್ಗೆ ನನ್ನ ಮನೆ ಮೆಟ್ಟಿಲ ಮೇಲೆ ಬಾಯಿ ತೆರೆದು ಬಿದ್ದಿತ್ತು. ಪೂಜೆಗೆ ಹೊರಟವರೆಲ್ಲ ನೋಡಿಕೊಂಡೇ ಹೋದರು. ಇಟ್ಟವರು ನೀವೇ. ಪಕ್ಕದ ಮನೆಯಾಕೆ ಕಣ್ಣಾರೆ ಕಂಡಿದ್ದಾಳೆ.

ಕೊನೆಯ ಪಂದ್ಯದ ದಿನ ಕ್ಯಾಪ್ಟನ್‌ನ ತಾಯಿ ಈ ಹೂವನ್ನು ಕೋಟಿಗೆ ಚುಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕು. ನನ್ನ ಅಣ್ಣ ಕ್ಯಾಪ್ಟನ್ ಆದಾಗ ಅಮ್ಮ ಕೂತಿದ್ದಳು. ನನ್ನ ಮಗ ಆಂಬ್ರೋಸ್ ತೊಟ್ಟಿಲಲ್ಲಿದ್ದಾಗಿನಿಂದ ನಾನು... ಇರಲಿ. ಹುಡುಗರು ಕ್ಯಾಪ್ಟನ್ ಆಗಿ ನಿಮ್ಮ ಮಗ ಸ್ಟೀವನನ್ನು ಆರಿಸಿದರು. ನಾನು ತುಟಿ ಬಿಚ್ಚಿದೆನಾ? ಪ್ರತಿ ಶುಕ್ರವಾರ ಇಡೀ ತಂಡಕ್ಕೆ ನಮ್ಮ ಮನೆಯಲ್ಲೇ ಮೀನಿನ ಊಟ. ಅವನಿಗೂ ಬಡಿಸಿದೆ, ಎರಡೆರಡು ಸಲ.

ಸಾವಿರದ ಒಂಬೈನೂರ ಇಪ್ಪತ್ತೇಳನೇ ಇಸವಿಯ ಈ ತಂಡದಂಥ ತಂಡ ಹಿಂದೆ ಇರಲಿಲ್ಲ ಅಂತಾರೆ. ಸರಿ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದವನು ನಿಮ್ಮವನು, ಅವನಿಗೆ ದಾರಿ ಮಾಡಲು ಎದುರಾಳಿಗಳಿಗೆ ಮೈಯೊಡ್ಡಿ ಬಿದ್ದವನು ನನ್ನವನು. ಪತ್ರಿಕೆಯಲ್ಲಿ ಬಿದ್ದವರ ಚಿತ್ರ ಯಾರು ಹಾಕ್ತಾರೆ? ಪ್ರತಿ ಭಾನುವಾರ ಇಗರ್ಜಿಯಲ್ಲಿ ಜನ ನಿಮ್ಮ ಸುತ್ತ. ಆ ಮಾಸಿದ ಕೋಟಿಗೆ ನನ್ನ ಹೂವು ಏರಬೇಕಿತ್ತಾ... ಕಾಲೇಜಿನ ಹೂವು. ಯಾಕೆ ನಗ್ತೀರಿ?

ನಿನ್ನೆ ಕೊನೆಯ ಪಂದ್ಯಕ್ಕೆ ಮುಂಚೆ, ಸ್ಟೀವನಿಗೆ ಮಂಡಿ ನೋವು, ಆಡೋದಿಲ್ಲ ಅಂತ ಕಾಲೇಜಿನ ಡೀನ್ ಫಾದರ್ ಮೈದಾನದಲ್ಲಿ ಸಾರಿದರು. ಆಂಬ್ರೋಸ್ ಕ್ಯಾಪ್ಟನ್ ಆದ. ಸೋತೆವು, ಇಡೀ ಸೀಸನ್ನಿಗೆ ಅದೊಂದೇ ಸೋಲು. ಹೂವು ಅಷ್ಟರಲ್ಲಿ ನಿಮ್ಮ ಮನೆ ಸೇರಿತ್ತು. ನಾನು ಹೂವಿಲ್ಲದ ಕೋಟಿನಲ್ಲಿ ಕೂತಿದ್ದೆ. ಅದು ಸಾಲದು ಅಂತ ಬಾಡಿದ ಹೂ ಕಳಿಸ್ತೀರಾ? ನನ್ನ ಮೇಲೆ ಏನು ಹಗೆ? ಬೇಸಿಗೆಯಲ್ಲಿ ಬೇಕರ್ ಅಂತ ಸುಳ್ಳು ಹೆಸರಿಟ್ಟುಕೊಂಡು ಕೂಲಿಗೆ ಬೇಸ್‌ಬಾಲ್ ಆಡಿದವನು ಕಾಲೇಜಿಗೆ ಆಡೋ ಹಾಗಿಲ್ಲ. ನಿಯಮ ನಾನು ಬರೆದದ್ದಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಅವನ ಅಪ್ಪನ ಕೈ ಮುರಿದಿತ್ತು, ಮನೆ ನಡೀಬೇಕಿತ್ತು... ಅದೆಲ್ಲ ನಿಯಮಕ್ಕೆ ಗೊತ್ತಾಗುತ್ತಾ?

ಏನು?

ಯಾಕೆ ಸೌಟು ಕೆಳಗಿಟ್ಟಿರಿ?

ಊರಿಗೆಲ್ಲ ಗೊತ್ತಿರೋ ಮಾತು ಅದು. ಊರೆಲ್ಲ... ಅಲ್ಲ, ಊರಿಗೆ ಗೊತ್ತಿರೋದು ಮಂಡಿ ನೋವು. ಆಂಬ್ರೋಸ್‌ಗೆ ಗೊತ್ತಿರೋದೂ ಅಷ್ಟೇ. ಬೆಳಿಗ್ಗೆ ಕೂಡ ಕೇಳಿದ, ಅಮ್ಮಾ, ಸ್ಟೀವನ ಮಂಡಿಗೆ ನಮ್ಮ ಡಾಕ್ಟರನ್ನು ಕಳಿಸೋಣವಾ ಅಂತ.

ಶುಕ್ರವಾರದ ಊಟ ಆದ ಮೇಲೆ ನಿಮ್ಮ ಹುಡುಗ ತಟ್ಟೆ ಒರೆಸ್ತಾ ಆ ಬೇಸ್‌ಬಾಲ್ ವಿಷಯ ನನ್ನ ಹತ್ತಿರ ತಾನಾಗೇ ಹೇಳಿದ. ನಾನು ಕೆದಕಿ ಕೇಳಲಿಲ್ಲ. ಡೀನ್ ಫಾದರ್ ಕಿವಿಗೆ ಅದು ಹೇಗೆ ಬಿತ್ತೋ...

ಎಲ್ಲಿ ಹೊರಟಿರಿ?

ಆಂಬ್ರೋಸ್ ಹೊರಗೆ ಕಾರಿನಲ್ಲಿ ಕೂತಿದ್ದಾನೆ. ಕಿಟಕಿ ಕಡೆ ನೋಡಬೇಡಿ. ಅವನನ್ನು ಕರೀಬೇಡಿ, ಮಿಸೆಸ್ ಜುಬಿಕ್.

ಹೂವು ಮೇಜಿನ ಮೇಲಿಟ್ಟಿದ್ದೇನೆ. ನೀವು ನನ್ನ ಕ್ಷಮೆ ಕೇಳಬೇಕು.