ಅರ್ಧ ರಿಂಗು

…ಅಲ್ಲ ಕಣೇ ನಿಧಿ, ಬಂದೋಳು ಹಾಗೇ ಬೇಸ್‌ಮೆಂಟಿಗೆ ಜಾರ್ಕೋಬೇಡ! ಡ್ರೈಯರ್ ಇನ್ನೂ ತಿರುಗ್ತಾನೇ ಇದೆ, ನಿನ್ನ ಬಟ್ಟೆ ಎಲ್ಲಿಗೂ ಓಡಿಹೋಗಲ್ಲ. ಶಿಫ್ಟೂ ಸಂಜೆಗೆ ಅಂದೆ. ಕೂತ್ಕೋ. ಮೊದಲು ಈ ಶಾವಿಗೆ ಪಾಯಸ ತಿನ್ನು, ಆಮೇಲೆ ನನ್ನ ಫೋನ್ ಸ್ವಲ್ಪ ನೋಡು. ಕೆಳಗೆ ಬಾಡಿಗೆಗೆ ಇರೋ ಹುಡುಗಿ ಹತ್ರ ಈ ಕೋಕಿಲಾ ಆಂಟಿ ಕೆಲಸ ಮಾಡಿಸ್ಕೋತಾಳೆ ಅಂದ್ಕೋಬೇಡ. ಕಾಲೇಜಲ್ಲಿ ಕಂಪ್ಯೂಟರ್ ಓದ್ತಿರೋಳು ನೀನು, ನಿನಗೆ ಗೊತ್ತಾಗತ್ತೆ.

ಪಾಯಸ ಯಾಕೆ ಅಂದ್ರೆ… ಇವತ್ತು ನಮ್ಮ ಯಶ್ ಹುಟ್ಟಿದ ದಿನ ಕಣೇ! ಹೂಂ, ತಲೆ ಆಡಿಸ್ತಿದೀಯಲ್ಲ, ನಿನಗೆ ಹೇಗೆ ಗೊತ್ತಿತ್ತು? ನಾನೇ ಹೇಳಿರ್ತೀನಿ ಬಿಡು. ನನ್ನ ಬಾಯಲ್ಲಿ ಅವನ ಮಾತು ಬಿಟ್ಟು ಇನ್ನೇನು ಬರತ್ತೆ. ಅವರಪ್ಪ ಹೋದ ಮೇಲೆ ಈ ಮನೇಲಿ ನಾವಿಬ್ರೇ ಅಲ್ವಾ ಇದ್ದಿದ್ದು.

ಹುಟ್ಟುಹಬ್ಬದ ದಿನ ಅವನ ಕಿವಿಗೆ ಮೊದಲು ನನ್ನ ದನಿ ಬೀಳ್ಬೇಕು. ಚಿಕ್ಕೋನಿದ್ದಾಗಿಂದ ಹಾಗೇ. ಎಣ್ಣೆ ಬಟ್ಟಲು ಹಿಡ್ಕೊಂಡು ಹೋಗಿ, ನಿದ್ದೇಲಿರೋವಾಗ್ಲೇ ನೆತ್ತಿಗೆ ಇಟ್ಟು, ಏಳು ಮಗಾ, ಹುಟ್ಟುಹಬ್ಬ ಅಂತ ಎಬ್ಬಿಸ್ತಿದ್ದೆ. "ಮಾಮ್, ಇಟ್ಸ್ ಸ್ಟಿಕಿ!" ಅಂತ ಕಿರುಚೋನು. ಆದ್ರೆ ತಲೆ ಮಾತ್ರ ಎಳ್ಕೊಳ್ತಿರ್ಲಿಲ್ಲ. ಹೋದ ವರ್ಷಾನೂ, ಗಡ್ಡ ಬಿಟ್ಕೊಂಡು ಮಂಚದ ತುಂಬ ಮಲಗಿರೋನು, ಎಣ್ಣೆ ಹಚ್ಚೋವಾಗ ತಲೆ ಹೀಗೆ ಮುಂದಕ್ಕೆ ಕೊಟ್ಟ. ಕಣ್ಣೇ ಬಿಡ್ಲಿಲ್ಲ, ಕಳ್ಳ.

ಈ ಸಲ ಎಣ್ಣೆ ಎಲ್ಲಿಂದ ಬಂತು. ಅವನು ಒಂದು ಗಂಟೆ ದಾರಿ ಆಚೆ ಅರೋರಾದಲ್ಲಿ, ನಾನು ಇಲ್ಲಿ ಎರಿನ್ ಮಿಲ್ಸಲ್ಲಿ. ಫೋನಲ್ಲಾದ್ರೂ ಎಬ್ಬಿಸೋಣ ಅಂತ ಬೆಳಿಗ್ಗೆಯಿಂದ ಒತ್ತಿದ್ದೇ ಒತ್ತಿದ್ದು. ಅರ್ಧ ರಿಂಗಾಗತ್ತೆ. ಪೂರ್ತಿ ಒಂದೂ ಆಗಲ್ಲ, ಅರ್ಧ! ಅಷ್ಟಕ್ಕೇ ಆ ವಾಯ್ಸ್‌ಮೇಲ್ ಹೆಂಗಸು ಬಂದ್ಬಿಡ್ತಾಳೆ. ಅವಳ ದನಿ ಕೇಳೋಕಾ ನಾನು ಬೆಳಿಗ್ಗೆ ಎದ್ದು ತಲೆ ಸ್ನಾನ ಮಾಡಿದ್ದು?

ಟವರ್ ಪ್ರಾಬ್ಲಮ್ಮು ಕಣೇ. ಇನ್ನೇನು ಮತ್ತೆ? ಅವನು ಅರೋರಾಗೆ ಹೋದ್ಮೇಲೆ ಫೋನ್ ಕಂಪನಿ ಬದಲಾಯಿಸಿದ. ಯಾವುದೋ ಸಣ್ಣ ಕಂಪನಿ. ಟೊರಾಂಟೋಲಿ, ಇಲ್ಲಿ, ಎಲ್ಲಾ ಕಡೆ ಹಿಡಿಯತ್ತೆ, ಯಂಗ್ ಸ್ಟ್ರೀಟ್ ಹಿಡ್ಕೊಂಡು ಅವನ ಊರ ಕಡೆ ಮೇಲಕ್ಕೆ ಹೋದ ಹಾಗೆ ಸಿಗ್ನಲ್ ಕಡ್ಡಿ ಒಂದೊಂದೇ ಇಳಿಯತ್ತಂತೆ. ಅನ್‌ಲಾಕ್ ಆದ ಫೋನು ಅಂದ್ರೆ ಯಾವ ಸಿಮ್ ಬೇಕಾದ್ರೂ ಹೊಟ್ಟೆಗೆ ಹಾಕ್ಕೊಳ್ಳತ್ತೆ, ಆದ್ರೆ ಎಲ್ಲಾ ಕಂಪನಿ ಟವರ್ರೂ ಹಿಡಿಯೋಕೆ ಆಗ್ಬೇಕಲ್ಲ… ಅದಕ್ಕೆ ಬ್ಯಾಂಡು, ಅಂದ್ರೆ ಟವರ್ ತರಂಗ, ಹೊಂದ್ಬೇಕು… ಯಾಕೆ ನಗ್ತೀಯಾ? ತಪ್ಪು ಹೇಳಿದ್ನಾ? ಯೂಟ್ಯೂಬ್ ನೋಡಿ ಕಲಿತಿದೀನಮ್ಮಾ, ನಾನೂ! ದೇವಸ್ಥಾನಕ್ಕೆ ಬರ್ತಾರಲ್ಲ ಶೈಲಜಾ, ಅವರು ಗಂಡಂಗೆ ಅಂತ ಬೆಂಗಳೂರಿಂದ ಅನ್‌ಲಾಕ್ ಫೋನು ಹೊತ್ಕೊಂಡ್ ಬಂದ್ರು. ಇಲ್ಲಿ ಸಿಮ್ ಹಾಕಿದ್ರೆ ಮನೆ ಒಳಗೆ ಸಿಗ್ನಲ್ಲೇ ಇಲ್ಲ. ಈಗ ಅವರ ಯಜಮಾನ್ರು ಅದ್ರಲ್ಲಿ ಬರೀ ಭಜನೆ ಕೇಳ್ತಾರೆ. ಹಾಗೆ ಇದೂನೂ.

ನೋಡು, ತಗೋ ನನ್ನ ಫೋನು. ಏನಾದ್ರೂ ಸೆಟ್ಟಿಂಗ್ ತಪ್ಪಾಗಿದ್ಯಾ ನೋಡು… ನೋಡಿದ್ಯಾ? ಎಲ್ಲಾ ಸರಿ ಇದ್ಯಾ? ಮತ್ತೆ ಯಾಕೆ ಫೋನ್ ಹಾಗೇ ಕೆಳಗಿಟ್ಟೆ? ಪಾಯಸಾನೂ ಹಾಗೇ ಇಟ್ಟಿದೀಯ. ಏಲಕ್ಕಿ ಜಾಸ್ತಿ ಆಯ್ತಾ?

ಕಂಪನಿ ಯಾಕೆ ಬದಲಾಯಿಸಿದ ಅಂದ್ರೆ… ಅವನೇನು ಬೇಕೂಂತ ಮಾಡ್ಲಿಲ್ಲ ಪಾಪ. ಫ್ಯಾಮಿಲಿ ಪ್ಲಾನಲ್ಲೇ, ಒಂದೇ ಬಿಲ್ಲಲ್ಲಿ ಇದ್ವಿ ಇಬ್ರೂ. ಫೆಬ್ರವರೀಲಿ ಆ ಕಂಪನಿಯವರು ಅವನ ಲೈನ್ ಕಟ್ ಮಾಡ್ಬಿಟ್ರು. ಏನೋ ಸಿಸ್ಟಮ್ಮಲ್ಲಿ ತಪ್ಪಾಯ್ತು. ಅದಕ್ಕೇ ಅವನು ಬೇರೆ ಸಿಮ್ ತಗೊಂಡ, ಹೊಸ ನಂಬರ್ರು ನನಗೆ ತಾನೇ ಕಳಿಸಿದ. ಇಲ್ಲಿ ನೋಡು, ಮೆಸೇಜ್ ಇನ್ನೂ ಇದೆ. "ಅಮ್ಮಾ, ನ್ಯೂ ನಂಬರ್. ಎಮರ್ಜೆನ್ಸಿ ಓನ್ಲಿ ಪ್ಲೀಸ್." ಎಮರ್ಜೆನ್ಸಿ ಅಂತೆ! ಅಮ್ಮಂಗೆ ಯಾವುದು ಎಮರ್ಜೆನ್ಸಿ ಅಲ್ಲ ಹೇಳು. ತಿಂಡಿ ತಿಂದ್ಯಾ ಕೇಳೋದು, ಸ್ನೋ ಬೀಳ್ತಿದೆ ದಪ್ಪ ಜಾಕೆಟ್ ಹಾಕ್ಕೋ ಅನ್ನೋದು… ಮಾಡ್ತಿದ್ದೆ. ದಿನಾ ಮಾಡ್ತಿದ್ದೆ. ಸರಿ, ದಿನಕ್ಕೆ ಮೂರ್ನಾಲ್ಕು ಸಲ ಮಾಡ್ತಿದ್ದೆ! ಮೊದಮೊದಲು ಪೂರ್ತಿ ರಿಂಗಾಗ್ತಿತ್ತು. ಆಮೇಲೆ ಟವರ್ ಕೆಟ್ಟಿರ್ಬೇಕು.

ಹಾಗೆ ನೋಡ್ಬೇಡ ನನ್ನ. ಟವರ್ ಕೆಡಲ್ವಾ?

ತಡಿ, ತಡಿ. ನಿಂದೂ ಅದೇ ಸಣ್ಣ ಕಂಪನಿ ಸಿಮ್ಮು ಅಲ್ವಾ? ಹೌದು, ಮೊನ್ನೆ ಹೇಳಿದ್ದೆ ನೀನು. ಹಾಗಾದ್ರೆ ನಿನ್ನ ಫೋನಿಂದ ಮಾಡೋಣ. ಅದ್ರಲ್ಲೂ ಅರ್ಧ ರಿಂಗಾದ್ರೆ ಮುಗೀತು, ಟವರ್‌ದೇ ತಪ್ಪು, ನಾನು ನೆಮ್ಮದಿಯಾಗಿ ಪಾಯಸ ತಿಂತೀನಿ. ಬೇಡ ಅಂದ್ರೆ? ಯಾಕೆ ಬೇಡ? ಚಾರ್ಜ್ ಇಲ್ವಾ? ಇದ್ಯಲ್ಲ ಬೇಕಾದಷ್ಟು! ಕೊಡೇ ಇಲ್ಲಿ, ನಾನೇ ಒತ್ತೀನಿ, ನಂಬರ್ ನನಗೆ ಬಾಯಿಪಾಠ. ನಾಲ್ಕು… ಒಂದು… ಆರು…

ಇದೇನೇ ಇದು?

ನಾನಿನ್ನೂ ಪೂರ್ತಿ ಒತ್ತೇ ಇಲ್ಲ. ಹೆಸರು ಬಂತು. ಯಶ್ ಅಂತ… ಪಕ್ಕದಲ್ಲಿ ಕೇಕ್ ಚಿತ್ರ ಬೇರೆ ಹಾಕಿದೀಯ. ಇವತ್ತು ಬೆಳಿಗ್ಗೆ… ಇವತ್ತು ಬೆಳಿಗ್ಗೇನೇ ಮಾತಾಡಿದೀರಾ?

ಓ.

ಇಲ್ಲ, ಇಲ್ಲ, ನಿನ್ನ ಬೈತಿಲ್ಲ ಪುಟ್ಟಿ. ಒಳ್ಳೇದಾಯ್ತು. ಯಾರಾದ್ರೂ ವಿಷ್ ಮಾಡಿದ್ರಲ್ಲ. ಫ್ರೆಂಡ್ಸು ನೀವು, ಒಂದೇ ವಯಸ್ಸು… ಆದ್ರೆ ಹಾಗಾದ್ರೆ ಅವನು ನಿನಗೆ ಎಲ್ಲಾ ಹೇಳಿರ್ತಾನೆ. ಹೇಳಿದಾನಾ? ಅದಕ್ಕೇ ಸಿಸ್ಟಮ್ ತಪ್ಪು ಅಂದಾಗ ಹಾಗೆ ನೆಲ ನೋಡಿದ್ಯಾ ನೀನು?

ಸರಿ. ನಾನೇ ಕಣೇ. ಲೈನ್ ಕಟ್ ಮಾಡಿಸಿದ್ದು ನಾನೇ. ಅಕೌಂಟು ನನ್ನ ಹೆಸರಲ್ಲಿತ್ತಲ್ಲ, ಒಂದು ಫೋನ್ ಮಾಡಿದೆ, ನಿಲ್ಸಿ ಅಂದೆ, ನಿಲ್ಸಿದ್ರು. ಕೆಟ್ಟದ್ದು ಮಾಡ್ಬೇಕು ಅಂತಲ್ವೇ! ಜನವರಿ ಪೂರ್ತಿ ಬಂದಿರ್ಲಿಲ್ಲ ಅವನು. ಕೆಲಸ, ಕೆಲಸ ಅಂತ. ಫೋನು ನಿಂತ್ರೆ ಕೋಪ ಮಾಡ್ಕೊಂಡು ಮನೆಗೆ ಬರ್ತಾನೆ, ಕೂಗಾಡ್ತಾನೆ, ಕೂಗಾಡ್ಲಿ! ಬೈಯೋಕಾದ್ರೂ ಬರ್ತಾನಲ್ಲ. ಬಂದ್ರೆ ಬಿಸಿಬಿಸಿ ಅನ್ನ ಹಾಕಿ, ಮತ್ತೆ ಲೈನ್ ಹಾಕಿಸಿ ಕಳಿಸೋಣ ಅಂತ. ಮೈಸೂರಲ್ಲಿ ನಮ್ಮನೇಲಿ ಯಾರಾದ್ರೂ ಮುನಿಸ್ಕೊಂಡು ಹೊರಟ್ರೆ ನಮ್ಮಮ್ಮ ಅವರ ಚಪ್ಪಲಿ ಬಚ್ಚಿಡ್ತಿದ್ರು. ಹುಡುಕ್ತಾ ಹುಡುಕ್ತಾ ಕೋಪ ಇಳಿದುಹೋಗೋದು. ನಾನೂ ಅಷ್ಟೇ ಮಾಡಿದ್ದು. ಮಗನ ಚಪ್ಪಲಿ ಬಚ್ಚಿಟ್ಟೆ.

ಮುಂಚೆ ಎಲ್ಲಾ ಫೋನೂ ಲಾಕ್ ಆಗೇ ಬರ್ತಿತ್ತಲ್ಲ, ಒಂದು ಕಂಪನಿದು ಅಂದ್ರೆ ಬೇರೆ ಸಿಮ್ ಮುಟ್ಟಿಸಿಕೊಳ್ತಿರ್ಲಿಲ್ಲ. ಎಲ್ಲಿಗೆ ಹೋಗ್ತಾನೆ, ನನ್ನ ಹತ್ರಾನೇ ಬರ್ಬೇಕು ಅಂದ್ಕೊಂಡೆ. ರೂಲು ಬದಲಾಗಿದೆ, ಡಿಸೆಂಬರಿಂದ ಕೊಡೋ ಫೋನೆಲ್ಲಾ ಲಾಕೇ ಇಲ್ದೆ ಬರತ್ತೆ ಅಂತ ನನಗ್ಯಾರು ಹೇಳಿದ್ರು? ಕ್ರಿಸ್‌ಮಸ್ ಮಾರನೇ ದಿನ, ಬಾಕ್ಸಿಂಗ್ ಡೇ ಸೇಲಿಗೆ ಚಳೀಲಿ ಕ್ಯೂ ನಿಂತು ಕೊಡ್ಸಿದ್ದೂ ನಾನೇ! ಅವನು ಸಿಮ್ ತೆಗೆದ, ಇನ್ನೊಂದು ಹಾಕ್ದ, ಅಷ್ಟೇ. ಮನೆಗೆ ಬರೋದು ಬೇಕಾಗ್ಲೇ ಇಲ್ಲ.

ಗೊತ್ತು, ಅದೂ ಗೊತ್ತು. ಲೈನ್ ನಿಂತ ದಿನಾನೇ ಅವನ ಕಾರು ಹೈವೇ ಪಕ್ಕ ನಿಂತುಹೋಯ್ತು, ಫ್ರೆಂಡ್ಸಿಗೆ ಹೇಳೋಕೂ ಆಗ್ಲಿಲ್ಲ, ಆ ಸ್ನೋಲಿ ಪೆಟ್ರೋಲ್ ಬಂಕ್ ತನಕ ನಡ್ದ. ಬರೆದಿದ್ದ ನನಗೆ. ಕೈಬೆರಳು ಮರಗಟ್ಟಿತ್ತಂತೆ. ರಾತ್ರಿ ಅಷ್ಟು ಹೊತ್ತಲ್ಲಿ ಅಂಥ ಚಳೀಲಿ ಎಲ್ಲಿಗೆ ಹೊರಟಿದ್ದ ಅಂತ ಮಾತ್ರ ಬರೀಲಿಲ್ಲ. ಯಾರದೋ ಪಾರ್ಟಿ ಇರ್ಬೇಕು…

ಯಾಕೆ ಅಳ್ತೀಯಾ?

ನಿಧಿ. ಇಲ್ಲಿ ನೋಡು. ಎಲ್ಲಿಗೆ ಹೊರಟಿದ್ದ ಅವನು? ನಿನಗೆ ಗೊತ್ತು. ಹೇಳು… ತಲೆ ಎತ್ತು… ಇಲ್ಲಿಗಾ?

ಇಲ್ಲಿಗೇನಾ?

ಅಯ್ಯೋ… ಅಯ್ಯೋ ನನ್ನ ಕಂದಾ… ಬರ್ತಾ ಇದ್ನಲ್ಲೇ. ನಾನು ಕರೀದೇನೇ ಬರ್ತಾ ಇದ್ನಲ್ಲೇ ಅವನು!

ಬೇಡ, ನೀರು ಬೇಡ. ಕೂತ್ಕೋ ನೀನು. ನನ್ನ ನಂಬರ್ ಬ್ಲಾಕ್ ಮಾಡಿದಾನೆ ಅಂತ ನನಗೆ ಗೊತ್ತಿತ್ತು ಪುಟ್ಟಿ, ಅದೇ ಯೂಟ್ಯೂಬಲ್ಲಿ ಅದನ್ನೂ ಹೇಳ್ತಾರೆ, ಅರ್ಧ ರಿಂಗಾದ್ರೆ ಏನು ಅಂತ. ಬಾಯಿ ಬಿಟ್ಟು ಹೇಳೋಕೆ ಆಗ್ಲಿಲ್ಲ ಅಷ್ಟೇ. ಟವರ್ ಅಂದ್ರೆ ಹೇಗೋ ದಿನ ಹೋಗತ್ತೆ.

ಒಂದು ಸಹಾಯ ಮಾಡ್ತೀಯಾ? ನಿನ್ನ ಫೋನಿಂದ ಮಾಡು. ನಾನು ಮಾತಾಡಲ್ಲ, ನಿನ್ನಾಣೆ. ಆಂಟಿ ಪಕ್ಕದಲ್ಲಿದಾರೆ ಅಂತ ಹೇಳ್ಬೇಡ. ಬೆಳಿಗ್ಗೆ ಮರೆತೆ, ತಿಂಡಿ ಏನು ತಿಂದೆ ಅಂತ ಕೇಳೋಕೆ ಮಾಡಿದೆ ಅನ್ನು. ಕೈ ಹೇಗಿದೆ ಅನ್ನು. ಸ್ಪೀಕರಲ್ಲಿ ಹಾಕು, ದನಿ ಒಂದು ಕೇಳಿಸ್ಕೋತೀನಿ, ಆಮೇಲೆ ನಿನ್ನ ಬಟ್ಟೆ ನೀನು ತಗೊಂಡು ಹೋಗು, ಮತ್ತೆ ಯಾವತ್ತೂ ಕೇಳಲ್ಲ. ಹಾಕಿದ್ಯಾ?… ಹಾಕು ಕಣೇ…

ರಿಂಗಾಗ್ತಿದೆ. ಪೂರ್ತಿ ಆಗ್ತಿದೆ ನೋಡು… ಇನ್ನೊಂದು ಆಯ್ತು… ಎಷ್ಟು ಚೆನ್ನಾಗಿ ಹೋಗ್ತಿದೆ ನಿಂದು…

ಶ್… ತೆಗೆದ.

ಮಾತಾಡೇ… ಸುಮ್ನಿರ್ಬೇಡ ನಿಧಿ… ಇಟ್ಬಿಡ್ತಾನೆ.