ವಕೀಲರನ್ನು ಕೇಳಲು ಹೊರಟವರು

ನಿಜಾಮರ ಆಳ್ವಿಕೆ ಮುಗಿದು ವರ್ಷವಾಗಿತ್ತು. ಯಾದಗಿರಿಯಿಂದ ಬರಬೇಕಿದ್ದ ತಮ್ಮನಿಗಾಗಿ ಭೀಮಾನದಿಯ ದಂಡೆಯಲ್ಲಿ ಕಾಯುತ್ತಿದ್ದೆ. ನಮ್ಮೂರಿನ ವಿಧವೆ ಅಮೃತಮ್ಮ ಮತ್ತು ಅವಳ ಮೈದುನ ಪರಮಣ್ಣ ಆಚೆ ದಾಟಲು ಹರಗೋಲಿನ ದಾರಿ ನೋಡುತ್ತ ಕೂತಿದ್ದರು. ಪರಮಣ್ಣನ ಕಂಬಳಿಯೊಳಗಿಂದ ಕೊಡಲಿಯ ಕಾವು ಇಣುಕುತ್ತಿತ್ತು.

“ಕೊಡ್ಲಿ ಯಾಕ ತಂದಿ?” ಅತ್ತಿಗೆ ಕೇಳಿದಳು.

“ಆಚಿ ಊರಾಗ ವಕೀಲ್ರ ಸಭಾ ಐತಲ್ಲ ವೈನಿ, ಅದಕ್ಕ.”

“ನಾ ಅವ್ರನ್ನ ಕೇಳಾಕ ಹೊಂಟೀನಿ, ಕಡಿಯಾಕಲ್ಲ.”

“ಏನ್ ಕೇಳ್ತಿ? ‘ಊರು ಬಿಡಬ್ಯಾಡ್ರಿ, ನಿಮ್ಮ ಜೋಡಿ ನಾ ಇರ್ತೀನಿ’ ಅಂದವ್ರು ತಾವೇ ಸೋಲಾಪುರಕ್ಕ ಓಡಿಹೋದ್ರು. ರಜಾಕಾರ್ರು ಬಂದ್ರು, ನಮ್ಮಣ್ಣ ಸತ್ತ. ಇವತ್ತ ಅವ್ರಿಗೆ ಹಾರ ಹಾಕ್ತಾರ.”

“ಅದನ್ನ ಎಲ್ಲಾರ ಮುಂದ ಕೇಳ್ತೀನಿ. ನನಗೂ ಸಿಟ್ಟೈತಿ.”

“ಸುಳ್ಳು ಹೇಳಿದ್ರ?”

“ಮತ್ತ ಕೇಳ್ತೀನಿ.”

“ತಪ್ಪಾತು ಅಂದ್ರ?”



“ಅತ್ತು ಮನಿಗಿ ಬರ್ತೀನಿ. ನೀ ಏನ್ ಮಾಡ್ತಿ?”

ಅವನು ಕೊಡಲಿಯ ಕಾವನ್ನು ಕಂಬಳಿಯೊಳಗೆ ಒತ್ತಿಕೊಂಡ.

“ಅವ್ರು ಕಾಲಿಗೆ ಬಿದ್ರೂ ನಿನಗ ಸಾಲದು, ಹೌದಿಲ್ಲೊ?”

“ಸಾಲದು. ಅವ್ರು ಇರಬಾರದು.”

“ಹಂಗಾದ್ರ ನಿಂದು ಸಿಟ್ಟಲ್ಲಪ್ಪಾ, ಹಗಿತನ. ನೀ ಬರಬ್ಯಾಡ.”

ಹರಗೋಲು ದಂಡೆಗೆ ಬಂತು. ಅದರಲ್ಲಿ ನನ್ನ ತಮ್ಮ ಇರಲಿಲ್ಲ. ಅಮೃತಮ್ಮ ಸೀರೆ ತುಸು ಎತ್ತಿ ಹತ್ತಿ ಕೂತಳು. ಪರಮಣ್ಣ ನೀರಿನ ತನಕ ಹೋದ.

“ಒಬ್ಬಾಕಿನ ಹೆಂಗ ಹೋಗ್ತಿ ವೈನಿ?”

“ಕೊಡ್ಲಿ ಇಲ್ಲೇ ಇಟ್ಟು ಬಾ.”

ಅವನು ಇಡಲಿಲ್ಲ. ಅಂಬಿಗ ಹುಟ್ಟು ಹಾಕಿದ. ಅವಳು ಹೊಳೆಯ ನಡುವಿನವರೆಗೂ ಇವನನ್ನೇ ನೋಡುತ್ತ ಹೋದಳು. ಹೊಳೆಯ ಕೆಳದಿಕ್ಕಿನ ಊರಿನಿಂದಲೂ ಆಚೆ ದಾಟಲು ಇನ್ನೊಂದು ಹರಗೋಲು ನಡೆಯುತ್ತಿತ್ತು. ಪರಮಣ್ಣ ಕಂಬಳಿ ಸರಿಮಾಡಿಕೊಂಡು ದಂಡೆಗುಂಟ ಆ ಕಡೆ ನಡೆದ.