ನೊಣವಿಲ್ಲವೆಂದು ಬರೆದ ದ್ವೀಪ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ, ಹಿಂದೆ ಕೀಟ ಸಮೀಕ್ಷೆಯ ಕೆಲಸದಲ್ಲಿದ್ದ ಮುದುಕನೊಬ್ಬ ಕೂತಿದ್ದ. ಪಕ್ಕದಲ್ಲಿ ಒಬ್ಬ ಅಕ್ಕ, ಕಣ್ಣು ಮಂಜಾದ ತಮ್ಮ.

“ಕಪ್ಪು ನೊಣ ಕಚ್ಚಿ ಕಚ್ಚೀನೇ ಹೀಗಾಯ್ತಂತೆ ಕಣೋ.”

“ನಮ್ಮ ದ್ವೀಪದಲ್ಲಿ ಆ ನೊಣಾನೇ ಇಲ್ಲ ಅಂತ ಸಮೀಕ್ಷೆಯವ್ರು ಬರ್ಕೊಂಡಿದ್ರಲ್ಲಕ್ಕ?”

“ಅದಕ್ಕೇ ಕಣ್ಣು ಹೋಗದ ಹಾಗೆ ಕೊಡೋ ಗುಳಿಗೆ ಆಚೆ ದಡದವರಿಗೆ ಮಾತ್ರ ಕೊಟ್ರು. ಗಾಳೀಲಿ ತೇಲಿ ಬರೋ ನೊಣಕ್ಕೆ ಸಮುದ್ರ ಅಡ್ಡಾನಾ?”

“ನಮ್ಮ ಹಳ್ಳದ ಕಲ್ಲು ಎತ್ತಿದ್ರೆ ನೊಣದ ಮರಿಗಳು ಅಂಟ್ಕೊಂಡಿರ್ತಿದ್ವು.”

“ಎತ್ತಿ ನೋಡೋಕೆ ಯಾರು ಬಂದಿದ್ರು?”

ಯಾರೂ ಹೋಗಿರಲಿಲ್ಲ. ದೋಣಿಗೆ ಹೆದರಿ ದಡದಲ್ಲೇ ಕೂತು ‘ನೊಣವಿಲ್ಲ’ ಎಂದು ಬರೆದವನು ಈ ಮುದುಕನೇ. ಹೇಳಿಬಿಡಬೇಕೆಂದು ಎದ್ದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ತಮ್ಮ ಎಡವಿದ. ಮುದುಕ ಕೈ ಹಿಡಿದ.

“ಯಾರೋ ಪುಣ್ಯಾತ್ಮರು, ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದು ಹರಸಿ, ತಮ್ಮ ಅಕ್ಕನ ಜೊತೆ ಒಳಗೆ ಹೋದ.